ಅಪ್‌ಡೇಟ್: ಅಮ್ಮನಿಗೆ ಮುದ್ದೆ ಎದೆಯಲ್ಲಿ ನಿಲ್ಲುತ್ತಿದ್ದ ವಿಚಾರ

ಕೋಲಾರದಲ್ಲಿರುವ ನಮ್ಮ ತಾಯಿಯವರಿಗೆ ಮುದ್ದೆಯಷ್ಟೇ ಅಲ್ಲ, ನೀರೂ ಎದೆಯಲ್ಲಿ ನಿಂತಂತಾಗುತ್ತದೆ, ಗ್ಯಾಸ್ಟ್ರಿಕ್ ಮಾತ್ರೆಯಿಂದ ಗುಣ ಕಂಡಿಲ್ಲ ಎಂದು ಹಿಂದೆ ಕೇಳಿದ್ದೆ. ಎಂಡೋಸ್ಕೋಪಿಯಲ್ಲಿ ಗಡ್ಡೆ ಕಾಣಲಿಲ್ಲ. ಆದರೆ ಬೇರಿಯಂ (ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವ ದ್ರವ) ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಅನ್ನನಾಳದ ಕೆಳತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿತ್ತು. ಬಳಿಕ ಮೂಗಿನ ಮೂಲಕ ತೆಳುವಾದ ನಳಿಗೆ ಇಳಿಸಿ, ಗುಟುಕು ಗುಟುಕಾಗಿ ನೀರು ನುಂಗಿಸಿ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಮಾಡಿದಾಗ (ಅಷ್ಟು ಹೊತ್ತೂ ಅಮ್ಮ ನನ್ನ ಕೈ ಬಿಡಲಿಲ್ಲ), ನುಂಗುವಾಗ ಸಡಿಲಗೊಳ್ಳಬೇಕಾದ ಅನ್ನನಾಳದ ಕೆಳಗಿನ ಸ್ನಾಯು ಬಿಗಿಯಾಗಿಯೇ ಉಳಿಯುತ್ತದೆಂದೂ, ಇದು ಅಕಲೇಸಿಯಾ ಎಂಬ ಅನ್ನನಾಳದ ಕಾಯಿಲೆಯ ಎರಡನೆಯ ಬಗೆ ಎಂದೂ ಖಚಿತವಾಯಿತು. ಆ ಬಿಗಿ ಸ್ನಾಯುವನ್ನು ಬಲೂನಿನಿಂದ ಹಿಗ್ಗಿಸುವುದಕ್ಕಿಂತ, 2008ರಲ್ಲಿ ಜಪಾನಿನಲ್ಲಿ ರೋಗಿಗಳಿಗೆ ಮೊದಲು ಮಾಡಲಾದ, ಎಂಡೋಸ್ಕೋಪಿನ ಮೂಲಕವೇ ಒಳಗಿನ ಸ್ನಾಯುವನ್ನು ಸೀಳುವ ಪೊಯೆಮ್ ಚಿಕಿತ್ಸೆಯೇ ನಮಗೆ ಸರಿಯೆನಿಸಿತು. ಈಗ ಅಮ್ಮ ಮುದ್ದೆಯನ್ನು ಸಣ್ಣ ತುತ್ತು ಮಾಡಿ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಈ ಚಿಕಿತ್ಸೆಯ ನಂತರ ಹುಳಿ ಮೇಲೆ ಬರುವುದು ಸಾಮಾನ್ಯವಾದ್ದರಿಂದ, ಅಂದು ಕೆಲಸಕ್ಕೆ ಬಾರದ ಅದೇ ಗ್ಯಾಸ್ಟ್ರಿಕ್ ಮಾತ್ರೆ ಈಗ ನಿಜಕ್ಕೂ ಬೇಕಾಗಿದೆ.