ಭೀಮನ ಅಮಾವಾಸ್ಯೆಗೆ ಮಕ್ಕಳನ್ನೂ ಕೂರಿಸಿಕೊಳ್ಳಿ

ಬ್ರಿಟನ್ನಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕರ್ವಾ ಚೌತ್ ಚೆನ್ನಾಗಿ ಗೊತ್ತು. ಪಂಜಾಬಿ ಗೆಳತಿಯರ ಮನೆಯಲ್ಲಿ ನೋಡಿರುತ್ತಾರೆ, ಹಿಂದಿ ಸಿನಿಮಾದಲ್ಲೂ ನೋಡಿರುತ್ತಾರೆ. ಭೀಮನ ಅಮಾವಾಸ್ಯೆ ಅಂದರೆ ಮಾತ್ರ ‘ಪಾಂಡವರ ಭೀಮನಾ?’ ಅಂತ ಕೇಳುತ್ತಾರೆ. ಅಲ್ಲ, ಈ ಭೀಮೇಶ್ವರ ನಮ್ಮ ಶಿವ. ಆಷಾಢದ ಕೊನೆಯ ದಿನ ಶಿವ ಪಾರ್ವತಿಯರ ಹೆಸರಲ್ಲಿ ಜೋಡಿ ದೀಪ ಹಚ್ಚಿ, ಒಂಬತ್ತು ಗಂಟಿನ ಅರಿಶಿನ ದಾರ ಕಟ್ಟಿಕೊಳ್ಳುವ ವ್ರತ. ಮದುವೆಯಾದವರು ಗಂಡನ ಆಯಸ್ಸಿಗೆ ಮಾಡುತ್ತಾರೆ, ಆಗದವರು ಒಳ್ಳೆಯ ಗಂಡ ಸಿಗಲಿ ಅಂತ. ಪೂಜೆ ಮುಗಿಯುವ ತನಕ ಉಪವಾಸ.

ಹೊಸದಾಗಿ ಬಂದು ನೆಲೆಸಿದವರು ಕೇಳುವುದು ಇದನ್ನೇ: ಮಗಳ ಎದುರು ಗಂಡನ ಪಾದಪೂಜೆ ಮಾಡಿದರೆ ಅವಳು ಏನು ಕಲಿಯುತ್ತಾಳೆ? ನ್ಯಾಯವಾದ ಪ್ರಶ್ನೆ. ಪಾದಪೂಜೆ ನಿಮ್ಮ ನಿಮ್ಮ ಮನಸ್ಸಿಗೆ ಬಿಟ್ಟಿದ್ದು. ಮಗಳು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಆದರೆ ಇದೊಂದಕ್ಕೆ ಹಬ್ಬವನ್ನೇ ಬಿಡಬೇಡಿ. ಮೊದಲು ಕಥೆ ಹೇಳಿ.

ಅಪ್ಪ ಅಮ್ಮ ಕಾಶಿಗೆ ಹೋದಾಗ, ಅಣ್ಣ ದುಡ್ಡಿನ ಆಸೆಗೆ ತಂಗಿಯನ್ನು ಸತ್ತುಹೋದ ರಾಜಕುಮಾರನಿಗೆ ಮದುವೆ ಮಾಡಿಕೊಟ್ಟುಬಿಡುತ್ತಾನೆ. ನದಿ ದಡದಲ್ಲಿ ಹೆಣದ ಪಕ್ಕ ಒಬ್ಬಳೇ ಕೂತ ಹುಡುಗಿಗೆ ಅವತ್ತು ಭೀಮನ ಅಮಾವಾಸ್ಯೆ ಅನ್ನುವುದು ನೆನಪಾಗುತ್ತದೆ. ಎಣ್ಣೆ ಇಲ್ಲ, ಹಿಟ್ಟಿಲ್ಲ. ಮಣ್ಣಿನಲ್ಲೇ ದೀಪ, ಮಣ್ಣಿನಲ್ಲೇ ಕಡುಬು ಮಾಡಿ ಪೂಜೆಗೆ ಕೂರುತ್ತಾಳೆ. ಭಂಡಾರ ಅನ್ನುವ ಆ ಕಡುಬನ್ನು ಒಡೆಯಲು ಯಾರೂ ಇಲ್ಲ ಅನ್ನುವಾಗ ಶಿವ ಪಾರ್ವತಿಯರೇ ದಂಪತಿಯ ವೇಷದಲ್ಲಿ ಬಂದು ಒಡೆಯುತ್ತಾರೆ, ಗಂಡ ಎದ್ದು ಕೂರುತ್ತಾನೆ. ಮೈದುಂಬಿದ ಧೈರ್ಯ ಆ ಹುಡುಗಿಯದು. ನನ್ನ ಮಗಳಿಗೆ ಇಷ್ಟವಾದದ್ದೂ ಅದೇ.

ಆಮೇಲೆ ಭಂಡಾರ. ಹಿಟ್ಟಿನ ಕಡುಬಿನೊಳಗೆ ನಾಣ್ಯ ಇಟ್ಟು ಹೊಸ್ತಿಲ ಮೇಲಿಡುತ್ತೇವೆ, ಅಣ್ಣತಮ್ಮಂದಿರು ಮೊಣಕೈಯಿಂದ ಒಡೆಯುತ್ತಾರೆ. ಕಥೆಯಲ್ಲಿ ಕೈಬಿಟ್ಟವನು ಅಣ್ಣ, ವ್ರತದಲ್ಲಿ ಬಂದು ನಿಲ್ಲಬೇಕಾದವನೂ ಅಣ್ಣನೇ. ಗಂಡು ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು ಅಂತ ನನಗನ್ನಿಸುತ್ತದೆ. ನಮ್ಮ ಬಾಡಿಗೆ ಮನೆಯಲ್ಲಿ ಸರಿಯಾದ ಹೊಸ್ತಿಲಿಲ್ಲ, ಬಾಗಿಲ ಹತ್ತಿರ ಮಣೆ ಇಡುತ್ತೇವೆ. ಹತ್ತು ಪೆನ್ನಿ ನಾಣ್ಯಗಳನ್ನು ತೊಳೆದು ಒರೆಸಿ ಒಳಗಿಡುವುದು ಮಗನ ಕೆಲಸ, ಅಂಚು ಒತ್ತುವುದು ಮಗಳ ಕೆಲಸ. ಒಡೆದ ಮೇಲೆ ಅಕ್ಕನಿಗೆ ಅವನೇ ಏನಾದರೂ ಉಡುಗೊರೆ ಕೊಡಬೇಕು. ಅಣ್ಣತಮ್ಮ ಇಲ್ಲದ ಮನೆಯವರು ಪಕ್ಕದ ಕನ್ನಡ ಮನೆಯ ಹುಡುಗರನ್ನು ಕರೆಯಿರಿ. ನಂಟು ಹಾಗೇ ಬೆಳೆಯುವುದು, ಅಲ್ವಾ?

ಎಲ್ಲರ ಮನೆಯಲ್ಲೂ ಒಂದೇ ಪದ್ಧತಿ ಇರಲಿ ಅಂತೇನಿಲ್ಲ. ಉತ್ತರ ಕರ್ನಾಟಕದವರಿಗೆ ಇದೇ ದಿನ ನಾಗರ ಅಮಾವಾಸ್ಯೆ. ತುಳುನಾಡಿನವರಿಗೆ ಆಟಿ ಅಮಾವಾಸ್ಯೆ, ಬೆಳಗ್ಗೆಯೇ ಪಾಲೆ ಮರದ ತೊಗಟೆಯ ಕಷಾಯ. ನಿಮ್ಮ ಅತ್ತೆಯನ್ನೋ ಅಮ್ಮನನ್ನೋ ಫೋನಿನಲ್ಲಿ ಕೇಳಿ, ಮಕ್ಕಳಿಗೂ ಕೇಳಿಸಿ.

2026ರಲ್ಲಿ ಹಬ್ಬ ಆಗಸ್ಟ್ 12, ಬುಧವಾರ. ಇಂಗ್ಲೆಂಡಿನ ಶಾಲೆಗಳಿಗೆ ರಜೆ, ಮಕ್ಕಳು ಮನೆಯಲ್ಲೇ ಇರುತ್ತಾರೆ. ಅವತ್ತೇ ಸಂಜೆ ಇಲ್ಲಿ ಸೂರ್ಯಗ್ರಹಣ ಕಾಣುತ್ತದೆ, ಅಮಾವಾಸ್ಯೆಯೂ ಸಂಜೆಗೇ ಮುಗಿಯುತ್ತದೆ. ಅದಕ್ಕೆ ನಾವು ಕೆಲಸಕ್ಕೆ ಹೊರಡುವ ಮೊದಲೇ ಪೂಜೆ ಮುಗಿಸಿ, ಮಧ್ಯಾಹ್ನದೊಳಗೆ ಭಂಡಾರ ಒಡೆಸುತ್ತೇವೆ. ಹಿಂದಿನ ರಾತ್ರಿಯೇ ಹಿಟ್ಟು ಕಲಸಿಟ್ಟುಕೊಳ್ಳಿ.