ಅಮೆರಿಕದಲ್ಲಿ ಕೂತು ‘ಭರತಖಂಡೇ’ ಅನ್ನಬಹುದೇ? ಸಂಕಲ್ಪ ಗೊತ್ತಿದ್ದವರು ತಿಳಿಸಿ

ರಾರಿಟನ್_ದಂಡೆ:

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿ ಓದುತ್ತಿರುವ ಏಳೆಂಟು ಜನ ಸೇರಿ ಈ ಸಲ ದೀಪಾವಳಿಯ ಲಕ್ಷ್ಮೀಪೂಜೆಯನ್ನು ನಾವೇ ಮಾಡಬೇಕು ಅಂತಿದ್ದೇವೆ, ಪುರೋಹಿತರಿಲ್ಲ. ಹೆಚ್ಚಿನವರು ಇಲ್ಲೇ ಹುಟ್ಟಿದವರು. ಪುಸ್ತಕದ ಮೊದಲ ಪುಟದಲ್ಲೇ ತೊಡಕು: ‘ಜಂಬೂದ್ವೀಪೇ ಭರತವರ್ಷೇ ಭರತಖಂಡೇ, ಗೋದಾವರ್ಯಾಃ ದಕ್ಷಿಣೇ ತೀರೇ’. ನಾವು ಇಲ್ಲದ ಜಾಗವನ್ನು ಹೇಳಿ ಪೂಜೆ ಶುರು ಮಾಡುವುದು ಸರಿಯೇ?

ಇನ್ನೂ ಮೂರು ಸಂಶಯ. ತಿಥಿ ಬೆಂಗಳೂರಿನದ್ದೋ ಇಲ್ಲಿಯದ್ದೋ? ನಮ್ಮಲ್ಲಿ ಇಬ್ಬರಿಗೆ ಗೋತ್ರ ಗೊತ್ತಿಲ್ಲ, ಒಬ್ಬನ ತಂದೆ ಹಿಂದೂ ಅಲ್ಲ. ಅವರು ಏನು ಹೇಳಬೇಕು? ಸಂಸ್ಕೃತ ಬಾರದವರು ಕನ್ನಡದಲ್ಲೇ ಸಂಕಲ್ಪ ಮಾಡಬಹುದೇ?

ಹಳೆಗಂಟೆ:

ಪುಸ್ತಕದಲ್ಲಿರುವುದನ್ನು ಹಾಗೇ ಓದಬೇಡಿ. ಎಲ್ಲಿ, ಯಾವಾಗ, ಯಾರು, ಏತಕ್ಕೆ, ಏನು ಮಾಡುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದೇ ಸಂಕಲ್ಪ. ಗೋದಾವರಿಯ ಮಾತು ಅದರ ದಕ್ಷಿಣಕ್ಕಿರುವ ನಮ್ಮ ನಾಡಿಗೆ ಹೊಂದುತ್ತದೆ, ಕಾಶಿಯಲ್ಲಿ ಕೂತವರೇ ಅದನ್ನು ಹೇಳುವುದಿಲ್ಲ. ಹಾಗಾಗಿ ಜಾಗ ಬದಲಿಸುವುದು ಹೊಸ ಸವಲತ್ತೇನಲ್ಲ, ಸಂಕಲ್ಪದ ರೀತಿಯೇ ಅದು.

ಅಮೆರಿಕದ ದೇವಸ್ಥಾನಗಳಲ್ಲಿ ಬಹಳ ಪುರೋಹಿತರು ‘ಕ್ರೌಂಚದ್ವೀಪೇ ರಮಣಕವರ್ಷೇ ಐಂದ್ರಖಂಡೇ’ ಅನ್ನುತ್ತಾರೆ. ಪುರಾಣದ ಏಳು ದ್ವೀಪಗಳಲ್ಲಿ (ಜಂಬೂ, ಪ್ಲಕ್ಷ, ಶಾಲ್ಮಲೀ, ಕುಶ, ಕ್ರೌಂಚ, ಶಾಕ, ಪುಷ್ಕರ) ಒಂದನ್ನು ಈ ಖಂಡಕ್ಕೆ ಹೊಂದಿಸಿಕೊಂಡ ರೂಢಿ ಅದು. ಪುರಾಣದಲ್ಲಿ ಅಮೆರಿಕದ ಹೆಸರಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ರೂಢಿ ಗೌರವದ್ದೇ, ನಿಮ್ಮ ಊರಿನ ದೇವಸ್ಥಾನದಲ್ಲಿ ಹೇಗೆ ಹೇಳುತ್ತಾರೋ ಕೇಳಿಕೊಂಡು ಹಾಗೇ ಹೇಳಿ.

ನದಿಯನ್ನು ಮಾತ್ರ ಬಿಡಬೇಡಿ. ನನಗೆ ಅದೇ ಮುಖ್ಯ. ‘ಹಡ್ಸನ್-ನಾಮ್ನ್ಯಾಃ ನದ್ಯಾಃ ಪಶ್ಚಿಮೇ ತೀರೇ’ ಎಂದರೆ ನ್ಯೂಜೆರ್ಸಿಯವರಿಗೆ ಅಕ್ಷರಶಃ ನಿಜ. ಪಿಟ್ಸ್‌ಬರ್ಗ್‌ನಲ್ಲಿ 1976ರಲ್ಲಿ ವೆಂಕಟೇಶ್ವರ ದೇವಸ್ಥಾನ ಪ್ರತಿಷ್ಠೆಯಾದಾಗಿನಿಂದ ಅಲ್ಲಿನ ಭಕ್ತರು ಅಲಿಘೇನಿ, ಮೊನೊಂಗಹೇಲಾ ಕೂಡಿ ಓಹಾಯೊ ಆಗುವ ಜಾಗವನ್ನು ಪ್ರಯಾಗದ ಸಂಗಮಕ್ಕೆ ಹೋಲಿಸುತ್ತ ಬಂದಿದ್ದಾರೆ. ಇಲ್ಲೇ ಹುಟ್ಟಿದ ಮಕ್ಕಳಿಗೆ ತಮ್ಮ ಮನೆ ಹತ್ತಿರದ ನೀರೂ ಪೂಜೆಯ ಮಾತಿನೊಳಗೆ ಬಂತು ಅನ್ನಿಸಬೇಕು. ಗೋದಾವರಿಯನ್ನು ಕಳಶಕ್ಕೆ ‘ಗಂಗೇ ಚ ಯಮುನೇ ಚೈವ’ ಹೇಳುವಾಗ ಹೇಗೂ ಕರೆಯುತ್ತೀರಿ.

ತಿಥಿಲೆಕ್ಕ:

ತಿಥಿಯ ಪ್ರಶ್ನೆಗೆ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯುವ ಹೊತ್ತು ಒಂದು ತಿಥಿ, ಸುಮಾರು 20ರಿಂದ 27 ಗಂಟೆ. ಅದು ಶುರುವಾಗುವ, ಮುಗಿಯುವ ಕ್ಷಣ ಇಡೀ ಜಗತ್ತಿಗೆ ಒಂದೇ. ಸೂರ್ಯೋದಯ, ಸೂರ್ಯಾಸ್ತ ಮಾತ್ರ ಊರೂರಿಗೆ ಬೇರೆ. ಹಬ್ಬದ ದಿನ ನಿಲ್ಲುವುದು ಇವೆರಡೂ ಕೂಡುವ ಕಡೆ, ಅದರಿಂದಲೇ ದಿನ ಬದಲಾಗುತ್ತದೆ.

2024ರ ದೀಪಾವಳಿ ನೋಡಿ. ಭಾರತದ ಸಮಯದಲ್ಲಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3.52ರ ಸುಮಾರಿಗೆ ಬಂದು ನವೆಂಬರ್ 1ರ ಸಂಜೆ 6.16ರ ಸುಮಾರಿಗೆ ಮುಗಿಯಿತು. ಲಕ್ಷ್ಮೀಪೂಜೆಗೆ ಪ್ರದೋಷದಲ್ಲಿ, ಅಂದರೆ ಸೂರ್ಯಾಸ್ತವಾದ ಮೇಲಿನ ಹೊತ್ತಿನಲ್ಲಿ ಅಮಾವಾಸ್ಯೆ ಇರಬೇಕು. ಅಲ್ಲಿ ಎರಡೂ ಸಂಜೆ ಸಿಕ್ಕಿದ್ದಕ್ಕೆ ಪಂಚಾಂಗಗಳಲ್ಲೇ ಭಿನ್ನಾಭಿಪ್ರಾಯ ಬಂತು. ನ್ಯೂಜೆರ್ಸಿಯ ಗಡಿಯಾರದಲ್ಲಿ ಅದೇ ಅಮಾವಾಸ್ಯೆ 31ರ ಬೆಳಗ್ಗೆ 6.22ರಿಂದ 1ರ ಬೆಳಗ್ಗೆ 8.46ರವರೆಗೆ. ಸಿಕ್ಕಿದ್ದು 31ರ ಸಂಜೆ ಒಂದೇ, ಗೊಂದಲಕ್ಕೆ ಎಡೆಯೇ ಇಲ್ಲ. ಸಿಡ್ನಿಯಲ್ಲಿ 31ರ ರಾತ್ರಿ 9.22ಕ್ಕೆ ಶುರು, ಆದ್ದರಿಂದ ಅಲ್ಲಿ ನವೆಂಬರ್ 1ರ ಸಂಜೆ. ಭಾರತದ ದಿನವನ್ನೇ ಹಿಡಿದು ನೀವು 1ರ ಸಂಜೆ ಕೂತಿದ್ದರೆ ‘ಅಮಾವಾಸ್ಯಾಯಾಂ’ ಅನ್ನುವ ಹೊತ್ತಿಗೆ ಕಾರ್ತಿಕ ಪಾಡ್ಯ ಬಂದು ಒಂಬತ್ತು ಗಂಟೆ ಆಗಿರುತ್ತಿತ್ತು.

ಎಲ್ಲ ಹಬ್ಬಕ್ಕೂ ಸಂಜೆಯೇ ಅಂದುಕೊಳ್ಳಬೇಡಿ. ಗಣೇಶನ ಚೌತಿಗೆ ಮಧ್ಯಾಹ್ನ: ಹಗಲನ್ನು ಐದು ಪಾಲು ಮಾಡಿ ಮೂರನೆಯದು. ಸೂರ್ಯೋದಯ 6.30, ಅಸ್ತ 7.30 ಆದರೆ ಹಗಲು 780 ನಿಮಿಷ, ಒಂದು ಪಾಲು 156. ಮಧ್ಯಾಹ್ನ ಅಂದರೆ 11.42ರಿಂದ 2.18. ಶಿವರಾತ್ರಿಗೆ ನಡುರಾತ್ರಿ.

ಅಚ್ಚಾದ ಪಂಚಾಂಗದಿಂದ ಲೆಕ್ಕ ಹಾಕುವವರು ಎಡವುವುದು ಬೇಸಿಗೆ ಗಡಿಯಾರದಲ್ಲಿ, ಅಂದರೆ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಕ್ರಮದಲ್ಲಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ನವೆಂಬರ್ ಮೊದಲ ಭಾನುವಾರದವರೆಗೆ ಒಂಬತ್ತೂವರೆ ಗಂಟೆ ಕಳೆಯಬೇಕು, ಆಮೇಲೆ ಹತ್ತೂವರೆ. ದೀಪಾವಳಿ ಒಂದು ವರ್ಷ ಅದರ ಈಚೆ ಬಂದರೆ ಇನ್ನೊಂದು ವರ್ಷ ಆಚೆ. ಮೊಬೈಲ್ ಆ್ಯಪ್‌ನಲ್ಲಿ ಊರು ‘ಬೆಂಗಳೂರು’ ಅಂತಲೇ ಉಳಿದಿದ್ದರೂ ಇದೇ ತಪ್ಪು.

ಮಾಸದ ಹೆಸರಲ್ಲೂ ಹುಷಾರು. ಉತ್ತರ ಭಾರತದ ಕ್ರಮ ತೋರಿಸುವ ಆ್ಯಪ್ ದೀಪಾವಳಿಗೆ ‘ಕಾರ್ತಿಕ ಕೃಷ್ಣ’ ಅನ್ನುತ್ತದೆ. ಅವರಿಗೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ನಮಗೆ ಅಮಾವಾಸ್ಯೆಗೆ, ಹಾಗಾಗಿ ನಾವು ‘ಆಶ್ವಯುಜಮಾಸೇ ಕೃಷ್ಣಪಕ್ಷೇ’ ಅನ್ನಬೇಕು. ಇನ್ನು ವಾರ ಬದಲಾಗುವುದು ಸೂರ್ಯೋದಯಕ್ಕೆ, ರಾತ್ರಿ ಹನ್ನೆರಡಕ್ಕಲ್ಲ.

ಮನೆಮಾತು:

ಲೆಕ್ಕವೆಲ್ಲ ಒಪ್ಪಿದೆ. ಆದರೂ ಊರಲ್ಲಿ ಅಜ್ಜಿ ದೀಪ ಹಚ್ಚುವ ದಿನವೇ ತಾವೂ ಹಚ್ಚಬೇಕು ಅನ್ನುವ ಮಕ್ಕಳ ಆಸೆಯನ್ನು ತಪ್ಪು ಅನ್ನಬಾರದು. ಹುಡುಗರು ಕೆಲವು ಸಲ ಹಬ್ಬಕ್ಕೆ ಹತ್ತಿರವಾಗುವುದೇ ಆ ವಿಡಿಯೊ ಕರೆಯಿಂದ.

ತಿಥಿಲೆಕ್ಕ:

@ಮನೆಮಾತು, ದೀಪ ಯಾವ ದಿನ ಹಚ್ಚಿದರೂ ಒಳ್ಳೆಯದೇ, ತಡೆಯುವವರು ಯಾರು? ನಾನು ಹೇಳಿದ್ದು ಸಂಕಲ್ಪ ಮಾಡಿ ಕೂರುವ ಪೂಜೆಗೆ. ಎಲ್ಲರಿಗೂ ಬಿಡುವಾಗಲಿ ಎಂದು ಶನಿವಾರಕ್ಕೆ ಹಾಕಿಕೊಳ್ಳುವವರಿಗೂ ಇದೇ ಮಾತು: ಮಾಡಿ, ಆದರೆ ಆ ಶನಿವಾರ ಯಾವ ತಿಥಿಯೋ ಅದನ್ನೇ ಹೇಳಿ. ತದಿಗೆ ಇದ್ದರೆ ‘ತೃತೀಯಾಯಾಂ’, ‘ಸ್ಥಿರವಾಸರೇ’. ಸಾಧ್ಯವಾದರೆ ಅಮಾವಾಸ್ಯೆಯ ಸಂಜೆ ಇಬ್ಬರಾದರೂ ಕೂತು ಪೂಜೆ ಮಾಡಿ, ಊಟ, ಹಾಡು ಶನಿವಾರಕ್ಕಿರಲಿ.

ಹಳೆಗಂಟೆ:

ಉಳಿದದ್ದಕ್ಕೆ. ಗೋತ್ರ ಗೊತ್ತಿಲ್ಲದವರು ‘ಕಾಶ್ಯಪಗೋತ್ರ’ ಅನ್ನುವುದು ಹಳೆಯ ರೂಢಿ. ತಂದೆ ಹಿಂದೂ ಅಲ್ಲದ ಹುಡುಗನಿಗೂ ಅದೇ ಸಾಕು, ಅವನನ್ನು ಪಕ್ಕಕ್ಕೆ ಕೂರಿಸಬೇಡಿ. ಗುಂಪಾಗಿ ಮಾಡುವಾಗ ಇನ್ನೂ ಸುಲಭ: ‘ನಾನಾಗೋತ್ರಾಣಾಂ ಅಸ್ಮಾಕಂ ಸಹಕುಟುಂಬಾನಾಂ’ ಎಂದು ಎಲ್ಲರನ್ನೂ ಒಟ್ಟಿಗೆ ಹೇಳಿ. ಆಗ ಕೊನೆಗೆ ‘ಕರಿಷ್ಯೇ’ ಅಲ್ಲ, ‘ಕರಿಷ್ಯಾಮಹೇ’. ಒಬ್ಬೊಬ್ಬರೇ ಹೇಳುವುದಾದರೆ ಹುಡುಗರು ‘ಗೋತ್ರೋತ್ಪನ್ನಃ’, ಹುಡುಗಿಯರು ‘ಗೋತ್ರೋತ್ಪನ್ನಾ’.

ನಕ್ಷತ್ರ ಹೇಳುವವರು ಒಮ್ಮೆ ಪರೀಕ್ಷಿಸಿಕೊಳ್ಳಿ. ಇಲ್ಲಿ ಹುಟ್ಟಿದವರ ಸಮಯವನ್ನು ಭಾರತದ ಸಮಯ ಅಂತಲೇ ತಿಳಿದು ಜಾತಕ ಬರೆಸಿರುವುದುಂಟು. ಚಂದ್ರ ಒಂದು ನಕ್ಷತ್ರ ದಾಟುವುದಕ್ಕೆ ಸುಮಾರು 24 ಗಂಟೆ. ಒಂಬತ್ತೂವರೆ ಗಂಟೆ ತಪ್ಪಿದರೆ ಹತ್ತರಲ್ಲಿ ನಾಲ್ಕು ಜಾತಕಗಳಲ್ಲಿ ನಕ್ಷತ್ರವೇ ಬೇರೆಯಾಗುತ್ತದೆ. ಹುಟ್ಟಿದ ಊರು, ಅಲ್ಲಿನ ಸಮಯ ಕೊಟ್ಟು ಮತ್ತೆ ನೋಡಿ.

ಕನ್ನಡದಲ್ಲಿ ಖಂಡಿತ ಮಾಡಬಹುದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಸಂಸ್ಕೃತವನ್ನು ತಡವರಿಸಿ, ತ–ಥ, ಸ–ಶ–ಷ ಒಂದೇ ಮಾಡಿ ಓದುವುದಕ್ಕಿಂತ ಅರ್ಥವಾಗುವ ಮಾತು ಮೇಲು. ಹೀಗೆ ಬರೆದುಕೊಳ್ಳಿ:

‘ಉತ್ತರ ಅಮೆರಿಕದಲ್ಲಿ, ಹಡ್ಸನ್ ನದಿಯ ಪಡುವಣ ದಡದಲ್ಲಿ, … ಸಂವತ್ಸರದ ದಕ್ಷಿಣಾಯನ, ಶರದೃತು, ಆಶ್ವಯುಜ ಬಹುಳ ಅಮಾವಾಸ್ಯೆ, … ವಾರದ ಈ ಸಂಜೆ, ಇಲ್ಲಿ ಕೂಡಿರುವ ನಾವೆಲ್ಲರೂ ನಮ್ಮ ಮತ್ತು ನಮ್ಮ ಮನೆಯವರ ಕ್ಷೇಮಕ್ಕಾಗಿ, ಸಿಕ್ಕಿದಷ್ಟು ಸಾಮಗ್ರಿಯಿಂದ, ತಿಳಿದಷ್ಟು ಕ್ರಮದಲ್ಲಿ ಮಹಾಲಕ್ಷ್ಮಿಯ ಪೂಜೆ ಮಾಡುತ್ತೇವೆ.’

‘ಸಿಕ್ಕಿದಷ್ಟು’ ನಾನು ಸೇರಿಸಿದ್ದಲ್ಲ, ‘ಸಂಭವದ್ಭಿಃ ದ್ರವ್ಯೈಃ’ ಎಂದು ಮೂಲದಲ್ಲೇ ಇದೆ. ಮಾವಿನೆಲೆ ಸಿಗದೆ ಪರದಾಡುವವರು ಆ ಮಾತನ್ನು ಗಮನಿಸಲಿ. ಎಡ ಅಂಗೈ ಬಲತೊಡೆಯ ಮೇಲಿಟ್ಟು, ಅದರಲ್ಲಿ ಒಂದು ಚಿಟಿಕೆ ಅಕ್ಷತೆ, ಮೇಲೆ ಬಲಗೈ ಮುಚ್ಚಿ ಹೇಳಿ. ಮುಗಿದ ಮೇಲೆ ಒಂದು ಉದ್ಧರಣೆ ನೀರಿನೊಂದಿಗೆ ಅಕ್ಷತೆಯನ್ನು ತಟ್ಟೆಗೆ ಬಿಡಿ. ಹಾಸ್ಟೆಲ್‌ನಲ್ಲಾದರೆ ಬೆಂಕಿಗೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿ. ಕರ್ಪೂರದ ಹೊಗೆಗೆ ಅಲಾರಂ ಕೂಗಿದರೆ ಕಟ್ಟಡವೆಲ್ಲ ಖಾಲಿ ಮಾಡಿಸುತ್ತಾರೆ.

ರಾರಿಟನ್_ದಂಡೆ:

ತುಂಬಾ ಧನ್ಯವಾದ. ಸಂವತ್ಸರ, ವಾರದ ಜಾಗ ಖಾಲಿ ಬಿಟ್ಟು ಎಂಟು ಪ್ರತಿ ಮುದ್ರಿಸುತ್ತೇವೆ. ಕನ್ನಡ ಓದಲು ಬಾರದ ಮೂವರಿಗೆ ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸುವುದು ಈಗಿನ ಕೆಲಸ.