ಲೆಟರ್ ಮೊದಲು ಕೇಳು ಪಲ್ಲವಿ

ಪಲ್ಲವಿ, ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ನೋಡಿದೆ ಮಗಾ. ಎಂಎಸ್‌ಸಿ ಕೊನೆಯ ವರ್ಷ, ಫಿಸಿಕ್ಸ್ ಪಿಎಚ್‌ಡಿಗೆ ಅಮೆರಿಕಕ್ಕೂ ಹಾಕಬೇಕು, ಇಲ್ಲೂ ಪರೀಕ್ಷೆ ಕಟ್ಟಬೇಕು, ಯಾವುದು ಮೊದಲು ದೊಡ್ಡಪ್ಪ, ನಿದ್ದೆ ಬರ್ತಿಲ್ಲ ಅಂತ ಬರೆದಿದ್ದೀಯ. ಪರೀಕ್ಷೆ ಆಮೇಲೆ. ಮೊದಲು ಮೇಷ್ಟ್ರ ಹತ್ತಿರ ಹೋಗಿ ರೆಕಮೆಂಡೇಶನ್ ಲೆಟರ್ ಕೇಳು.

1984ರಲ್ಲಿ ನಾನೂ ಅಮೆರಿಕದ ಒಂದು ಯೂನಿವರ್ಸಿಟಿಗೆ ಹಾಕಿದ್ದೆ. ಅಲ್ಲಿಗೆ ಸೇರೋಕೆ ಬರೆಯೋ ಜಿಆರ್‌ಇ ಪರೀಕ್ಷೆ ಚೆನ್ನಾಗೇ ಆಗಿತ್ತು. ಮೂರು ಲೆಟರ್ ಬೇಕು, ಎರಡು ಸಿಕ್ಕಿತ್ತು. ಮೂರನೆಯದು ನನ್ನ ಪ್ರಾಜೆಕ್ಟ್ ಗೈಡ್ ಕೊಡಬೇಕಿತ್ತು. ಕೇಳೋಕೆ ಸಂಕೋಚ, ಇವತ್ತು ನಾಳೆ ಅಂತ ತಳ್ಳಿ ಕೊನೆಯ ವಾರ ಹೋದರೆ ಅವರ ಮನೆಗೆ ಬೀಗ, ಮಗಳ ಬಾಣಂತನಕ್ಕೆ ಅಂತ ಗಂಡ ಹೆಂಡತಿ ಇಬ್ಬರೂ ಧಾರವಾಡಕ್ಕೆ ಹೋಗಿದ್ದಾರೆ. ರಾತ್ರಿ ಬಸ್ಸು ಹತ್ತಿ ಹೋಗಿ ಬಾಗಿಲು ತಟ್ಟಿದೆ. ಪಾಪ, ಅಲ್ಲೇ ಕೂತು ಕೈಯಲ್ಲೇ ಬರೆದುಕೊಟ್ಟರು. ಏರ್‌ಮೇಲ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ಗಡುವು ಮುಗಿದಿತ್ತು. ಅರ್ಜಿ ಪೂರ್ತಿ ಆಗಿಲ್ಲ ಅಂತ ಒಂದೇ ಹಾಳೆ ವಾಪಸ್ ಬಂತು. ಅದಕ್ಕೇ ಹೇಳುತ್ತಿದ್ದೇನೆ, ಲೆಟರ್ ಮೊದಲು ಕೇಳು.

ಮುಂದಿನ ವರ್ಷ ಮತ್ತೆ ಹಾಕುತ್ತೇನೆ ಅಂದರೆ ಮನೆಯಲ್ಲಿ ದುಡ್ಡಿಲ್ಲ ಅಂದರು. ಫಿಸಿಕ್ಸ್ ಓದಿ ಕೊನೆಗೆ ಮೇಷ್ಟ್ರೇ ತಾನೆ ಆಗೋದು ಅಂತ. ಅದೇ ವರ್ಷ ನಿಮ್ಮಪ್ಪ ಸೀನನ ಇಂಜಿನಿಯರಿಂಗ್‌ಗೆ ಗದ್ದೆ ಅಡ ಇಟ್ಟರು. ಇವತ್ತಿಗೂ ಮದುವೆಮನೆಯಲ್ಲಿ ಇವರು ಇಂಜಿನಿಯರ್ರು ಅಂತ ಅವನನ್ನು ಪರಿಚಯ ಮಾಡಿಸುತ್ತಾರೆ. ನಾನು 31 ವರ್ಷ ಪಿಯುಸಿ ಮಕ್ಕಳಿಗೆ ಪಾಠ ಹೇಳಿದ್ದು ಯಾರ ಬಾಯಲ್ಲೂ ಬರುವುದಿಲ್ಲ. ಸೀನ, ನೀನೂ ಓದುತ್ತೀಯ ಅಂತ ಗೊತ್ತು, ನಿನ್ನ ಮೇಲೆ ಕೋಪ ಇಲ್ಲ ಕಣೋ. ಆದರೆ ನೋವಾಗುತ್ತೆ. ಮಗಳ ಅರ್ಜಿ ಫೀಸಿಗೆ ಮಾತ್ರ ಹಿಂದೆಮುಂದೆ ನೋಡಬೇಡ.

ಅಯ್ಯೋ, ನೀನು ಕೇಳಿದ್ದೇ ಉಳಿದುಹೋಯ್ತು ಪಲ್ಲವಿ. ಅಮೆರಿಕದ ಗಡುವು ಜಾಸ್ತಿ ಕಡೆ ಡಿಸೆಂಬರ್‌ನಲ್ಲೇ. ಫಿಸಿಕ್ಸ್‌ಗೇ ಅಂತ ಬೇರೆ ಇರೋ ಜಿಆರ್‌ಇ ಈಗ ಎಷ್ಟೋ ಕಡೆ ಕಡ್ಡಾಯ ಇಲ್ಲ, ಒಂದೊಂದು ಡಿಪಾರ್ಟ್‌ಮೆಂಟೂ ಏನು ಕೇಳುತ್ತೆ ನೋಡಿಕೊಂಡು ಆಮೇಲೆ ದುಡ್ಡು ಕಟ್ಟು, ಸುಮ್ನೆ ಕಟ್ಟಬೇಡ. ಇಲ್ಲಿಗೆ ಜೆಸ್ಟ್ ಬರಿ, ಪಿಎಚ್‌ಡಿ ಸೇರೋಕೆ ಇರೋ ಪ್ರವೇಶ ಪರೀಕ್ಷೆ ಅದು, ಬೆಂಗಳೂರಲ್ಲಿ ಸದಾಶಿವನಗರದ ರಾಮನ್ ಇನ್‌ಸ್ಟಿಟ್ಯೂಟ್‌ಗೂ ಆಗುತ್ತೆ, ಕೋರಮಂಗಲದ ಆಸ್ಟ್ರೋಫಿಸಿಕ್ಸ್ ಇನ್‌ಸ್ಟಿಟ್ಯೂಟ್‌ಗೂ ಆಗುತ್ತೆ. ಗೇಟ್ ಪರೀಕ್ಷೆ ಫೆಬ್ರವರಿಯಲ್ಲಿ, ಅದನ್ನೂ ಕಟ್ಟು. ಎಲ್ಲಕ್ಕೂ ಓದುವುದು ಹೆಚ್ಚುಕಮ್ಮಿ ಅದೇ ಕ್ಲಾಸಿಕಲ್ ಮೆಕ್ಯಾನಿಕ್ಸ್, ಕ್ವಾಂಟಮ್, ಎಲೆಕ್ಟ್ರೋಮ್ಯಾಗ್ನೆಟಿಸಂ, ಸ್ಟಾಟಿಸ್ಟಿಕಲ್ ಮೆಕ್ಯಾನಿಕ್ಸ್ ಅಲ್ವಾ. ಲೆಟರ್‌ಗೆ ದೊಡ್ಡ ಹೆಸರಿನವರು ಬೇಡ, ಲ್ಯಾಬ್‌ನಲ್ಲಿ ನಿನ್ನ ಕೆಲಸ ಕಣ್ಣಾರೆ ಕಂಡವರನ್ನು ಕೇಳು. ಮಾರ್ಕ್ಸ್ ಕಾರ್ಡು, ಎಸ್‌ಒಪಿ (ಯಾಕೆ ಓದಬೇಕು ಅಂತ ನೀನು ಅರ್ಜಿ ಜೊತೆ ಬರೆಯೋ ಹಾಳೆ), ಯಾವ ಯೂನಿವರ್ಸಿಟಿಗೆ ಯಾವ ತಾರೀಖು ಅನ್ನೋ ಪಟ್ಟಿ, ಮೂರನ್ನೂ ಒಂದೇ ಸಲ ಅವರ ಕೈಗೆ ಕೊಡು. ಸೋಮವಾರ ಹೋಗಿ ಕೇಳಿ, ಸಂಜೆ ನನಗೆ ಫೋನ್ ಮಾಡು.